ಕೂತ ಹೆಲಿಕಾಪ್ಟರಿನ ಪರ ವಕಾಲತ್ತು

ಪ್ಲಾಸ್ಟಿಕ್ ಕಿಟ್ ತಂದು ಟ್ಯಾಂಕು ಜೋಡಿಸುವವರು ಅದು ಓಡಲಿಲ್ಲವೆಂದು ಕೊರಗುವುದಿಲ್ಲ. ಹಡಗು ಜೋಡಿಸುವವರು ಅದನ್ನು ಬಚ್ಚಲುಮನೆಯ ಬಕೆಟ್ಟಿನಲ್ಲಿ ತೇಲಿಸಿ ನೋಡುವುದಿಲ್ಲ; ನೋಡಿದರೂ ಬಾಗಿಲು ಹಾಕಿಕೊಂಡು ನೋಡುತ್ತಾರೆ. ಸೇನಾ ಹೆಲಿಕಾಪ್ಟರನ್ನು ಕೈಗೆತ್ತಿಕೊಂಡವರಿಗೆ ಮಾತ್ರ ಅದೇನೋ ಹಟ, ತಮ್ಮದು ಹಾರುತ್ತಲೇ ಇರಬೇಕು. ರಾತ್ರಿಯೆಲ್ಲ ಕೂತು ಸಾಸಿವೆಯಷ್ಟಿರುವ ಡಯಲ್‌ಗಳಿಗೆ ಬಣ್ಣ ಮುಟ್ಟಿಸಿದ ಮನುಷ್ಯ ಕೊನೆಗೆ ಇಡೀ ಯಂತ್ರವನ್ನು ಒಂದು ಕಡ್ಡಿಗೆ ಸಿಕ್ಕಿಸಿ ‘ನೋಡಿ, ಹಾರ್ತಾ ಇದೆ’ ಅನ್ನುತ್ತಾನೆ. ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಕಡ್ಡಿ. ಡಯೊರಾಮ ಅಂದರೆ ಬರೀ ಮಾದರಿಯಲ್ಲ. ಅದರ ಕೆಳಗಿನ ನೆಲ, ಸುತ್ತಲಿನ ಹುಲ್ಲು, ಜನ, ಡ್ರಮ್ಮು, ಕೆಸರು ಎಲ್ಲವನ್ನೂ ಒಂದೇ ಅಳತೆಗೆ ಕುಗ್ಗಿಸಿ ಹಲಗೆಯ ಮೇಲೆ ಕೂರಿಸಿದ ದೃಶ್ಯ. ಆ ದೃಶ್ಯದಲ್ಲಿ ಹೆಲಿಕಾಪ್ಟರ್ ಕೂತಿರಬೇಕು ಎಂಬುದು ನನ್ನ ವಾದ. ಎಂಜಿನ್ ಆರಿರಬೇಕು, ರೆಕ್ಕೆ ಜೋತು ಬಿದ್ದಿರಬೇಕು, ಬಾಗಿಲು ತೆರೆದಿರಬೇಕು, ಹತ್ತಿರದಲ್ಲಿ ಯಾರಾದರೂ ಸ್ಪ್ಯಾನರ್ ಹಿಡಿದು ಗೊಣಗುತ್ತಿರಬೇಕು. ಹಾರುವುದು ಹೆಲಿಕಾಪ್ಟರಿನ ಧರ್ಮ ಎನ್ನುವವರಿಗೆ ನನ್ನ ವಿರೋಧವೇನಿಲ್ಲ. ಆದರೆ ಕೂರುವುದು ಪ್ಲಾಸ್ಟಿಕ್ಕಿನ ಧರ್ಮ. ಡಯೊರಾಮದಲ್ಲಿ ಇರುವುದು ಪ್ಲಾಸ್ಟಿಕ್ಕು.

ಲೆಕ್ಕದಿಂದಲೇ ಶುರು ಮಾಡೋಣ. ವಿಯೆಟ್ನಾಂ ಯುದ್ಧದ ಗುರುತೇ ಆಗಿಹೋದ ಬೆಲ್ ಯುಎಚ್-1, ಅಂದರೆ ಎಲ್ಲರೂ ಹ್ಯೂಯಿ ಎಂದು ಕರೆಯುವ ಹೆಲಿಕಾಪ್ಟರ್, ಈ ಹವ್ಯಾಸದವರ ಅಚ್ಚುಮೆಚ್ಚು. ಅದರ ಎಚ್ ಮಾದರಿಯ ರೋಟರಿಗೆ ಎರಡೇ ರೆಕ್ಕೆ, ತುದಿಯಿಂದ ತುದಿಗೆ 14.63 ಮೀಟರ್. ಹಾರುವಾಗ ನಿಮಿಷಕ್ಕೆ 324 ಸುತ್ತು. ಅಂದರೆ ಸೆಕೆಂಡಿಗೆ ಐದಕ್ಕೂ ಹೆಚ್ಚು ಸಲ ತಿರುಗಿ, ರೆಕ್ಕೆಯ ತುದಿ ಗಂಟೆಗೆ ಸುಮಾರು 890 ಕಿಲೋಮೀಟರ್ ವೇಗದಲ್ಲಿ ಗಾಳಿ ಸೀಳುತ್ತದೆ. ಇದನ್ನು ಅಂಟಿನಲ್ಲಿ ತೋರಿಸುವುದು ಹೇಗೆ? ಸಂಪ್ರದಾಯಸ್ಥರು ರೆಕ್ಕೆಯನ್ನು ಹಾಗೇ ಬಿಡುತ್ತಾರೆ. ಆಗ ಅದು ಆಕಾಶದಲ್ಲಿ ಕರೆಂಟು ಹೋದ ಫ್ಯಾನು. ಕೆಲವರು ರೆಕ್ಕೆಯನ್ನೇ ಕಿತ್ತು ಪಾರದರ್ಶಕ ಅಕ್ರಿಲಿಕ್ ತಟ್ಟೆ ಕೂರಿಸಿ ಅದರ ಮೇಲೆ ಏರ್‌ಬ್ರಷ್ಷಿನಿಂದ ಬೂದು ಗೆರೆ ಎಳೆಯುತ್ತಾರೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ, ಎದುರಿಗೆ ನಿಂತರೆ ಟ್ಯೂಬ್‌ಲೈಟು ತಟ್ಟೆಯಲ್ಲಿ ಪ್ರತಿಫಲಿಸಿ ತನ್ನನ್ನೇ ತೋರಿಸುತ್ತದೆ. ಇನ್ನು ಕೆಲವರು ಒಳಗೊಂದು ಪುಟ್ಟ ಮೋಟರ್ ಇಡುತ್ತಾರೆ. ಸ್ವಿಚ್ ಹಾಕಿದೊಡನೆ ಹ್ಯೂಯಿ ಮಿಕ್ಸಿಯ ಸ್ವರ ತೆಗೆದು ನಡುಗುತ್ತದೆ, ಕೆಳಗೆ ಸಾಲಾಗಿ ನಿಲ್ಲಿಸಿದ ಕಾಲಾಳುಗಳು ಶತ್ರುವಿನ ಸಹಾಯವಿಲ್ಲದೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೇಲೊಂದು ರೋಟರ್ ತಿರುಗುತ್ತಿದೆ ಎಂದು ಒಪ್ಪಿಕೊಂಡ ಮೇಲೆ ಕೆಳಗಿನ ಹುಲ್ಲು ಮಲಗಬೇಕು, ಧೂಳು ಏಳಬೇಕು, ಸೈನಿಕನ ಅಂಗಿ ಪಟಪಟಿಸಬೇಕು, ಟೋಪಿ ಹಾರಬೇಕು. ಧೂಳಿಗೆಂದು ಹತ್ತಿ ಅಂಟಿಸಿದರೆ ಅದು ಒಂದು ವರ್ಷದಲ್ಲಿ ನಿಜವಾದ ಧೂಳು ಹಿಡಿದು ಹತ್ತಿಯಾಗಿಯೂ ಉಳಿಯುವುದಿಲ್ಲ, ಮೋಡವಾಗಿಯೂ ಉಳಿಯುವುದಿಲ್ಲ. ಒಂದು ಸುಳ್ಳನ್ನು ಕಾಪಾಡಲು ಹಲಗೆಯ ಮೇಲಿರುವ ಸಕಲ ಚರಾಚರವೂ ಸುಳ್ಳು ಹೇಳಬೇಕಾಗುತ್ತದೆ.

ಕೂತ ಹೆಲಿಕಾಪ್ಟರಿಗೆ ಈ ಸಂಕಟವಿಲ್ಲ, ಆದರೆ ಅದು ಸುಲಭವೆಂದು ಯಾರೂ ಭಾವಿಸಬೇಡಿ. ಕಿಟ್ಟಿನ ಚೌಕಟ್ಟಿನಿಂದ ಕತ್ತರಿಸಿ ತೆಗೆದ ರೆಕ್ಕೆ ಸ್ಕೇಲಿನಂತೆ ನೆಟ್ಟಗಿರುತ್ತದೆ. ನಿಜವಾದ ರೆಕ್ಕೆ ಉದ್ದ, ತೆಳು, ಬಳುಕುವ ಜಾತಿ; ತಿರುಗುವಾಗ ಹೊರಕ್ಕೆ ಸೆಳೆಯುವ ಬಲವೇ ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ, ತಿರುಗುವುದು ನಿಂತರೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಐದು ರೆಕ್ಕೆಯ ರಷ್ಯನ್ ಎಂಐ-8, ಎಂಐ-17ಗಳನ್ನೋ ಎರಡು ರೋಟರಿನ ಚಿನೂಕನ್ನೋ ನಿಂತಲ್ಲಿ ನೋಡಿದವರಿಗೆ ಆ ಬಾಗು ಎಷ್ಟೆಂದು ಗೊತ್ತು. ಹ್ಯೂಯಿಯದು ಅಷ್ಟಿಲ್ಲ, ಆದರೂ ಇದೆ. ಆದ್ದರಿಂದ ಬಲ್ಲವರು ಪ್ಲಾಸ್ಟಿಕ್ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳ ನಡುವೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ, ತುದಿಯ ಕಡೆಗೆ ಬಾಗು ಹೆಚ್ಚುವಂತೆ ನೋಡಿಕೊಂಡು, ತಣ್ಣೀರಿಗೆ ಹಾಕುತ್ತಾರೆ. ಬುಡದಲ್ಲೇ ಮಡಿಸಿದರೆ ಮುರಿದ ಕೈಯಂತೆ ಕಾಣುತ್ತದೆ. ಎರಡೂ ರೆಕ್ಕೆ ಒಂದೇ ಸಮ ಬಾಗದಿದ್ದರೆ ಒಂದು ಕಡೆ ದುಃಖ, ಇನ್ನೊಂದು ಕಡೆ ಉದಾಸೀನ. ಹ್ಯೂಯಿಯ ರೋಟರ್ ನಡುವಿನ ಕೀಲಿನ ಮೇಲೆ ಏತದಂತೆ ತೂಗುವುದರಿಂದ, ನಿಲ್ಲಿಸಿದ ಮೇಲೆ ಗಾಳಿಗೆ ಹೊಯ್ದಾಡದಿರಲೆಂದು ಹಿಂದಿನ ರೆಕ್ಕೆಯ ತುದಿಗೆ ಪಟ್ಟಿ ಸಿಕ್ಕಿಸಿ ಬಾಲಕ್ಕೆ ಬಿಗಿದು ಕಟ್ಟುತ್ತಾರೆ. ಆ ಪಟ್ಟಿ ಕಿಟ್ಟಿನಲ್ಲಿ ಇರುವುದಿಲ್ಲ. ಸಿಗರೇಟು ಪ್ಯಾಕಿನ ಹಾಳೆಯಿಂದಲೋ ತೆಳು ಟೇಪಿನಿಂದಲೋ ಮಾಡಿಕೊಳ್ಳಬೇಕು. ಒಂದು ಎಳೆ ಪಟ್ಟಿ ಅಷ್ಟೆ. ಆದರೆ ಅದು ಬಿದ್ದ ಕ್ಷಣಕ್ಕೆ ಆ ಯಂತ್ರಕ್ಕೆ ತೂಕ ಬರುತ್ತದೆ. ಸಾವಿರಾರು ಕಿಲೋ ತೂಗುವ ವಸ್ತು ಯಾರದೋ ಅಪ್ಪಣೆಯ ಮೇಲೆ ಸುಮ್ಮನೆ ಕೂತಿದೆ ಎಂಬುದು ಕಣ್ಣಿಗೆ ತಿಳಿಯುತ್ತದೆ. ಅಕ್ರಿಲಿಕ್ ತಟ್ಟೆ ಈ ಕೆಲಸ ಮಾಡಲಾರದು.

ಡಯೊರಾಮ ಎಂಬುದರ ಹುಟ್ಟೇ ಚಲನೆಯ ಭ್ರಮೆ ಹುಟ್ಟಿಸಲಿಕ್ಕಲ್ಲವೇ ಎಂದು ಓದಿಕೊಂಡವರು ಕೇಳಬಹುದು. ಸರಿಯಾದ ಪ್ರಶ್ನೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಆ ಹೆಸರಿನ ಪ್ರದರ್ಶನ ಶುರು ಮಾಡಿದವರು ದಾಗೇರ್ ಮತ್ತು ಬೂತೋಂ; ದಾಗೇರ್ ಅಂದರೆ ಮುಂದೆ ಫೋಟೋಗ್ರಫಿಯ ಪಿತಾಮಹರಲ್ಲಿ ಒಬ್ಬನೆನಿಸಿಕೊಂಡ ಅದೇ ಮಹಾಶಯ. ದೊಡ್ಡ ಬಟ್ಟೆಯ ಮೇಲೆ ಬರೆದ ಚಿತ್ರಕ್ಕೆ ಮುಂದಿನಿಂದಲೂ ಹಿಂದಿನಿಂದಲೂ ಬೆಳಕು ಬಿಟ್ಟು ಹಗಲನ್ನು ಇರುಳು ಮಾಡುತ್ತಿದ್ದರು. ಚಿತ್ರ ಮಾತ್ರ ಕದಲುತ್ತಿರಲಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದನ್ನು ತೋರಿಸಬೇಕಾದಾಗ ಏನು ಮಾಡುತ್ತಿದ್ದರು ಗೊತ್ತೇ? ಪ್ರೇಕ್ಷಕರು ಕೂತ ವೇದಿಕೆಯನ್ನೇ ತಿರುಗಿಸುತ್ತಿದ್ದರು. ಮೂಲಪುರುಷನೇ ದೃಶ್ಯವನ್ನು ಬಿಟ್ಟು ಜನರನ್ನು ತಿರುಗಿಸಿದ ಮೇಲೆ, ಅವನ ಹೆಸರು ಹೇಳಿಕೊಂಡು ರೋಟರಿಗೆ ಮೋಟರ್ ಕಟ್ಟುವುದು ಗುರುದ್ರೋಹ. ಎದುರು ಪಕ್ಷದ ಪರವಾಗಿ ಒಂದು ಸಾಕ್ಷಿಯನ್ನು ನಾನೇ ಮುಂದಿಡುತ್ತೇನೆ, ಏಕೆಂದರೆ ಅದು ಕೊನೆಗೆ ನನ್ನ ಕಡೆಗೇ ವಾಲುತ್ತದೆ. ಸೇನಾ ಮಾದರಿಗಳಲ್ಲಿ 1/35 ಎಂಬ ವಿಚಿತ್ರ ಅಳತೆ ಎಲ್ಲೆಡೆ ಚಾಲ್ತಿಯಲ್ಲಿದೆಯಲ್ಲ, ಅದು ಹುಟ್ಟಿದ್ದು ಓಡಿಸುವ ಆಸೆಯಿಂದ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ, ಒಳಗೆ ಮೋಟರೂ ಬ್ಯಾಟರಿಯೂ ಹಿಡಿಯುವಷ್ಟು ದೊಡ್ಡದಾಗಿ ಮಾಡಿತು. ಆಮೇಲೆ ಅಳೆದು ನೋಡಿದರೆ ಸುಮಾರು ಮೂವತ್ತೈದರಲ್ಲಿ ಒಂದು. ಕಾಲಕ್ರಮದಲ್ಲಿ ಪ್ರದರ್ಶನದ ಮಾದರಿಗಳಿಂದ ಮೋಟರ್ ಮಾಯವಾಯಿತು, ಬ್ಯಾಟರಿಯೂ ಹೋಯಿತು, ಅಳತೆ ಉಳಿಯಿತು. ಓಡಿಸಿ ನೋಡಿ ಸಾಕಾದವರು ಕೂರಿಸಿ ನೋಡಿ ಸುಖಪಟ್ಟರು ಎಂದೇ ಇದರ ಅರ್ಥ.

ಹಾಗಾದರೆ ಹಾರಿಸುವ ಚಪಲ ಎಲ್ಲಿಂದ ಬಂತು? ಯುದ್ಧದಿಂದಲ್ಲ, ಸಿನಿಮಾದಿಂದ. 1979ರ ‘ಅಪೊಕಲಿಪ್ಸ್ ನೌ’ ಚಿತ್ರದಲ್ಲಿ ವಾಗ್ನರನ ಸಂಗೀತ ಮೊಳಗಿಸಿಕೊಂಡು ಸಾಲುಸಾಲಾಗಿ ಬರುವ ಹ್ಯೂಯಿಗಳನ್ನು ನೋಡಿದವರಾರೂ ಮತ್ತೆ ಹೆಲಿಕಾಪ್ಟರನ್ನು ನೆಲದ ಮೇಲೆ ಊಹಿಸಿಕೊಳ್ಳಲಿಲ್ಲ. ಆ ಚಿತ್ರ ತಯಾರಾದದ್ದು ಫಿಲಿಪ್ಪೀನ್ಸ್‌ನಲ್ಲಿ. ಹೆಲಿಕಾಪ್ಟರುಗಳು ಮಾರ್ಕೊಸ್ ಸರ್ಕಾರದ ಸೇನೆಯವು. ಚಿತ್ರೀಕರಣದ ನಡುವೆಯೇ ಬಂಡುಕೋರರ ಮೇಲೆ ನಿಜವಾದ ಕಾರ್ಯಾಚರಣೆಗೆಂದು ಅವು ಹೊರಟುಹೋಗುತ್ತಿದ್ದವು, ನಿರ್ದೇಶಕ ಕೊಪ್ಪೊಲಾ ಕಾಯುತ್ತಾ ಕೂರಬೇಕಿತ್ತು. ಸಿನಿಮಾದ ಮಾತು ಹಾಗಿರಲಿ, ದಾಖಲೆ ಏನು ಹೇಳುತ್ತದೆ ನೋಡಿ. 1965ರಲ್ಲಿ ಅಮೆರಿಕದ ಒಂದನೇ ಕ್ಯಾವಲ್ರಿ ಡಿವಿಜನ್ ನಾನೂರಕ್ಕೂ ಹೆಚ್ಚು ಹೆಲಿಕಾಪ್ಟರುಗಳೊಂದಿಗೆ ವಿಯೆಟ್ನಾಮಿನ ಆನ್ ಖೆಗೆ ಬಂತು. ಅಷ್ಟನ್ನೂ ಇಳಿಸಲು ಜಾಗ ಬೇಕಲ್ಲ. ಬುಲ್ಡೋಜರ್ ತಂದು ಬೋಳಿಸಿಬಿಡುವುದು ಸುಲಭವಿತ್ತು. ಆದರೆ ಬ್ರಿಗೇಡಿಯರ್ ಜನರಲ್ ಜಾನ್ ರೈಟ್ ಹುಲ್ಲಿನ ಹೊದಿಕೆ ಕಿತ್ತರೆ ಧೂಳೇಳುತ್ತದೆಂದು, ಮಚ್ಚು ಕೊಡಲಿ ಹಿಡಿಸಿ ಕೈಯಿಂದಲೇ ಪೊದೆ ಸವರಿಸಿದರು. ನೆಲ ಗಾಲ್ಫ್ ಮೈದಾನದಂತೆ ನುಣ್ಣಗಿರಬೇಕು ಎಂದರು. ಆ ನೆಲೆಗೆ ಗಾಲ್ಫ್ ಕೋರ್ಸ್ ಎಂದೇ ಹೆಸರಾಯಿತು. ಯುದ್ಧಕ್ಕೆಂದು ಬಂದವರು ಮೊದಲು ಮಾಡಿದ್ದು ಹುಲ್ಲು ಉಳಿಸುವ ಕೆಲಸ! ಕಾರಣವೇನೋ ಸ್ಪಷ್ಟ. ಧೂಳು ಎಂಜಿನ್ನಿನೊಳಗೆ ಹೋದರೆ ಅದರ ಪುಟ್ಟ ರೆಕ್ಕೆಗಳನ್ನು ತಿಂದುಹಾಕುತ್ತದೆ, ರೋಟರಿನ ಮುಂದಂಚನ್ನು ಉಜ್ಜಿ ಸವೆಸುತ್ತದೆ, ಇಳಿಯುವ ಪೈಲಟ್ಟಿನ ಕಣ್ಣು ಕಟ್ಟುತ್ತದೆ. ಸೇನಾ ಹೆಲಿಕಾಪ್ಟರಿನ ಬದುಕಿನಲ್ಲಿ ಹಾರಿದ ಹೊತ್ತಿಗಿಂತ ಅದನ್ನು ನೆಲದ ಮೇಲೆ ಬಿಚ್ಚಿ, ತೊಳೆದು, ಎಣ್ಣೆ ಕೊಟ್ಟು, ಮತ್ತೆ ಮುಚ್ಚಿದ ಹೊತ್ತೇ ಹೆಚ್ಚು. ಬಹುಕಾಲ ಇದ್ದ ಸ್ಥಿತಿಯನ್ನು ತೋರಿಸುವುದು ನ್ಯಾಯವೋ, ಸಂಗೀತದ ಸಮೇತ ಬಂದುಹೋದ ಸ್ಥಿತಿಯನ್ನೋ?

‘ಕೂತದ್ದರಲ್ಲಿ ಕಥೆ ಎಲ್ಲಿ?’ ಎಂಬುದು ಮುಂದಿನ ಆಕ್ಷೇಪ. ಇದು ಗಟ್ಟಿ ಆಕ್ಷೇಪ, ಏಕೆಂದರೆ ಡಯೊರಾಮದ ಬೆಲೆ ಇರುವುದೇ ಕಥೆಯಲ್ಲಿ. 1970ರ ದಶಕದಲ್ಲಿ ಮೊನೊಗ್ರಾಮ್ ಕಂಪನಿಯ ಕಿಟ್ಟುಗಳ ಜೊತೆ ಬರುತ್ತಿದ್ದ ಡಯೊರಾಮ ಹಾಳೆಗಳಿಂದ ಒಂದು ತಲೆಮಾರನ್ನೇ ಕೆಡಿಸಿದ ಅಮೆರಿಕದ ಶೆಪರ್ಡ್ ಪೇನ್ ಈ ಕಲೆಯನ್ನು ಕಥೆ ಹೇಳುವ ಕಲೆಯೆಂದೇ ಕಂಡವರು. ಆದರೆ ಕಥೆ ಹುಟ್ಟುವುದು ಮನುಷ್ಯರಿಂದ. ಹಾರುವ ಹೆಲಿಕಾಪ್ಟರಿನಲ್ಲಿ ಮನುಷ್ಯನೆಂದರೆ ಹೆಲ್ಮೆಟ್ಟಿನ ಎರಡು ಗುಂಡುಗಳು. ಅದು ನೆಲಕ್ಕೆ ಬರಲಿ, ಆಗ ನೋಡಿ. ಮೆಕ್ಯಾನಿಕ್ ಚಾವಣಿ ಹತ್ತುತ್ತಾನೆ, ಅವನ ಬೂಟಿನ ಗುರುತು ಬಣ್ಣ ಸವೆಸುತ್ತದೆ. ಹೊಗೆ ಬಡಿದ ಬಾಲದ ಬುಡವನ್ನು ಒಬ್ಬ ಒರೆಸುತ್ತಾನೆ, ಇನ್ನೊಬ್ಬ ಒಳಗಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತಾನೆ. ವಿಯೆಟ್ನಾಂ ಯುದ್ಧದ ಹೆಲಿಕಾಪ್ಟರ್ ಚಿತ್ರಗಳಲ್ಲೆಲ್ಲ ಪ್ರಸಿದ್ಧವಾದದ್ದು ಯಾವುದು? 1975ರ ಏಪ್ರಿಲ್ 29ರಂದು ಡಚ್ ಛಾಯಾಗ್ರಾಹಕ ಹ್ಯೂಬರ್ಟ್ ವಾನ್ ಎಸ್ ಸೈಗಾನಿನಲ್ಲಿ ತೆಗೆದದ್ದು: ಅಪಾರ್ಟ್‌ಮೆಂಟಿನ ನೆತ್ತಿಯ ಮೇಲೆ ಹ್ಯೂಯಿ ಜಾತಿಯದೊಂದು ಕೂತಿದೆ, ಕಿರಿದಾದ ಏಣಿಯ ಮೇಲೆ ಜನ ಒಬ್ಬರ ಹಿಂದೊಬ್ಬರು. ರಾಯಭಾರ ಕಚೇರಿಯ ಮಾಳಿಗೆಯೆಂದು ಇಂದಿಗೂ ಹಲವರು ತಪ್ಪು ತಿಳಿದಿರುವ ಚಿತ್ರ. ರೆಕ್ಕೆ ತಿರುಗುತ್ತಿದ್ದಿರಬೇಕು, ಆದರೆ ಯಾರ ಕಣ್ಣೂ ರೆಕ್ಕೆಗೆ ಹೋಗುವುದಿಲ್ಲ, ಏಣಿಗೆ ಹೋಗುತ್ತದೆ. ಅದೇ ದಿನಗಳಲ್ಲಿ ಸಮುದ್ರದಲ್ಲಿ, ತುಂಬಿ ಹೋದ ಹಡಗಿನ ಡೆಕ್ಕಿನಲ್ಲಿ ಜಾಗ ಮಾಡಲು, ಒಳ್ಳೆಯ ಸ್ಥಿತಿಯಲ್ಲಿದ್ದ ಹ್ಯೂಯಿಗಳನ್ನೇ ನಾವಿಕರು ಕೈಯಿಂದ ನೂಕಿ ನೀರಿಗೆ ಕೆಡವಿದರು. ಅದಕ್ಕಿಂತ ಭಾರವಾದ ಹೆಲಿಕಾಪ್ಟರ್ ದೃಶ್ಯ ಇನ್ನೇನು ಬೇಕು? ಅದರಲ್ಲೂ ಯಾವುದೂ ಹಾರುತ್ತಿಲ್ಲ. ಇದೆಲ್ಲ ಯುದ್ಧದ ವೈಭವೀಕರಣ ಎಂದು ಮೂಗು ಮುರಿಯುವವರಿಗೂ ಇಲ್ಲೇ ಉತ್ತರವಿದೆ. ರಾಕೆಟ್ ಹಾರಿಸುತ್ತಾ ಬರುವ ಯಂತ್ರ ವೈಭವವೇ ಸರಿ. ನಟ್ಟು ಹುಡುಕುತ್ತಾ ನೆಲದಲ್ಲಿ ತಡಕಾಡುವ ಮೆಕ್ಯಾನಿಕ್ ಯಾವ ವೈಭವ?

ಕನ್ನಡದ ಮನೆಗಳಿಂದ ಬರುವ ಆಕ್ಷೇಪ ಇನ್ನೂ ಸೂಕ್ಷ್ಮ. ದಸರಾ ಗೊಂಬೆ ಕೂರಿಸುವವರು ಕೇಳಬಹುದು: ‘ಅಲ್ಲ ಸ್ವಾಮಿ, ನಮ್ಮ ಜಂಬೂಸವಾರಿ ಸಾಲಿನ ಆನೆ ಎತ್ತಿದ ಕಾಲನ್ನು ಒಂಬತ್ತು ದಿನವೂ ಇಳಿಸೋದಿಲ್ಲ. ಯಾರಾದರೂ ತಕರಾರು ತೆಗೆದಿದ್ದಾರಾ? ನಿಮ್ಮ ಹೆಲಿಕಾಪ್ಟರಿಗೇನು ದೊಡ್ಡ ಕೋಡು?’ ಮಾತು ನಿಜ. ರಾಗಿ ಪೈರು ಬೆಳೆಸಿ ಪಾರ್ಕು ಮಾಡುವ, ತಟ್ಟೆಯಲ್ಲಿ ನೀರಿಟ್ಟು ಕೆರೆ ಮಾಡುವ ನಮ್ಮ ಹೆಂಗಸರು ಡಯೊರಾಮ ಎಂಬ ಹೆಸರು ಕೇಳುವ ಮೊದಲೇ ಅದನ್ನು ಅರೆದು ಕುಡಿದವರು. ಆದರೆ ಮೂರು ಕಾಲು ನೆಲದ ಮೇಲಿರುವ ಆನೆಗೂ ಒಂದೂ ಇಲ್ಲದ ಹೆಲಿಕಾಪ್ಟರಿಗೂ ಫರಕಿದೆ. ಅದಕ್ಕಿಂತ ಮುಖ್ಯವಾಗಿ, ಗೊಂಬೆ ಮೆಟ್ಟಿಲು ಅಳತೆಯ ಆಣೆ ಇಟ್ಟಿಲ್ಲ. ಪಟ್ಟದ ಗೊಂಬೆಯ ಮೊಣಕಾಲಿಗೆ ಬರುವ ಅರಮನೆ ಅಲ್ಲಿ ಇರಬಹುದು, ಕುದುರೆಗಿಂತ ದಪ್ಪನೆಯ ಗಿಳಿ ಇರಬಹುದು, ಕ್ರಿಕೆಟ್ ಮೈದಾನದ ಪಕ್ಕದಲ್ಲೇ ಕೈಲಾಸವಿರಬಹುದು. ಭಕ್ತಿಗೂ ಸಂಭ್ರಮಕ್ಕೂ ಸ್ಕೇಲಿಲ್ಲ. ಮಾದರಿಗಾರನ ಕಥೆ ಹಾಗಲ್ಲ. ಬಾಲದ ಮೇಲಿನ ರಿವೆಟ್ ಸಾಲಿನಲ್ಲಿ ಒಂದು ಹೆಚ್ಚಾಯಿತೆಂದು ಕಿಟ್ ಕಂಪನಿಯನ್ನು ಬೈಯುವವನು, ಹಸಿರಿನಲ್ಲಿ ಇದು ಆ ವರ್ಷದ ಹಸಿರಲ್ಲ ಎಂದು ಜಗಳಕ್ಕೆ ನಿಲ್ಲುವವನು, ಕಡ್ಡಿಯ ವಿಷಯ ಬಂದಾಗ ಮಾತ್ರ ‘ಅದೆಲ್ಲ ಕಲ್ಪನೆಗೆ ಬಿಟ್ಟದ್ದು’ ಎಂದರೆ ನಡೆಯುತ್ತದೆಯೇ? ರಿವೆಟ್ಟಿನ ಮಟ್ಟಿಗೆ ವಕೀಲ, ಗುರುತ್ವಾಕರ್ಷಣೆಯ ಮಟ್ಟಿಗೆ ಕವಿ ಆಗಲಾಗದು.

ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಬೆಲ್-47 ಹೆಲಿಕಾಪ್ಟರನ್ನೇ ಚಾವಣಿಗೆ ನೇತುಹಾಕಿಲ್ಲವೇ ಎಂದರೆ, ಹಾಕಿದ್ದಾರೆ, ಚೆನ್ನಾಗಿಯೂ ಇದೆ. ಆದರೆ ಅದು ಹಾರುತ್ತಿದೆ ಎಂದು ಅವರು ಎಲ್ಲೂ ಹೇಳಿಲ್ಲ. ಒಳ್ಳೆಯ ವಿನ್ಯಾಸದ ವಸ್ತುವೆಂದು ನೇತುಹಾಕಿದ್ದಾರೆ.

ನನ್ನ ವಾದ ನಿಜವಾಗಿ ತಡವರಿಸುವುದು ಸಿಯಾಚಿನ್‌ನಲ್ಲಿ. ಫ್ರೆಂಚರ ಲಾಮಾ ಹೆಲಿಕಾಪ್ಟರನ್ನು ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ್ದೇ ಚೀತಾ. 1972ರ ಜೂನ್ 21ರಂದು ಜ್ಯಾಂ ಬೂಲೆ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಏರಿಸಿ ದಾಖಲೆ ಮಾಡಿದ. ಅಲ್ಲಿ ಎಂಜಿನ್ ಆರಿಹೋಗಿ, ಎಂಜಿನ್ನಿನ ಹಂಗಿಲ್ಲದೆ ಗಾಳಿಗೆ ತಿರುಗುವ ರೋಟರನ್ನೇ ನಂಬಿ ನೆಲ ಮುಟ್ಟಿದ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯಲು ಭಾರತೀಯ ಸೇನೆಯ ಆಪರೇಷನ್ ಮೇಘದೂತ್ ಶುರುವಾದಾಗ ಬಿಲಾಫೊಂಡ್ ಲಾ ಕಣಿವೆಯ ಮೇಲೆ ಸೈನಿಕರನ್ನು ಇಳಿಸಿದ್ದು ಇವೇ ಚೀತಾಗಳು. ಅಲ್ಲಿನ ಎತ್ತರದ ಠಾಣೆಗಳಲ್ಲಿ ಹೆಲಿಕಾಪ್ಟರ್ ಕೂರುವುದೆಂದರೆ ನಾಮಕಾವಸ್ತೆ. ಎಂಜಿನ್ ಆರಿಸುವುದಿಲ್ಲ, ಏಕೆಂದರೆ ಆ ತೆಳುಗಾಳಿಯಲ್ಲಿ, ಆ ಚಳಿಯಲ್ಲಿ, ಆರಿಸಿದ್ದು ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆಯಿಲ್ಲ. ಸಾಮಾನು ಇಳಿಸಿ, ಕಾಯಿಲೆಯವನನ್ನು ಹತ್ತಿಸಿಕೊಂಡು, ಕ್ಷಣಾರ್ಧದಲ್ಲಿ ಮೇಲೇಳಬೇಕು. ಹೀಗಿರುವಾಗ ರೆಕ್ಕೆ ಜೋತುಬಿದ್ದ ಚೀತಾವನ್ನು ಹಿಮದ ಹೆಲಿಪ್ಯಾಡಿನ ಮೇಲೆ ತೋರಿಸಿದರೆ ಅದು ಕೂತದ್ದಲ್ಲ, ಕೈಕೊಟ್ಟದ್ದು. ಇಲ್ಲಿ ತಿರುಗುವ ರೋಟರಿನವರಿಗೆ ಜಾಗ ಬಿಟ್ಟುಕೊಡುತ್ತೇನೆ, ಒಂದು ಷರತ್ತಿನ ಮೇಲೆ: ಕಾಲಿನಂತಿರುವ ಸ್ಕಿಡ್ಡು ಹಿಮವನ್ನು ಮುಟ್ಟಿರಲಿ. ಅಡುಗೆ ಸೋಡಾದಿಂದ ಹಿಮ ಮಾಡುವವರಿದ್ದಾರೆ, ಅಗ್ಗ ಮತ್ತು ಬಿಳುಪು. ಕೆಲ ವರ್ಷದಲ್ಲಿ ಅದು ಹಳದಿಗೆ ತಿರುಗಿ ಸಿಯಾಚಿನ್ ಹೋಗಿ ರಾಜಸ್ಥಾನವಾಗುತ್ತದೆ. ಚೀತಾದ ಮೂತಿ ಪೂರಾ ಗಾಜಿನ ಗುಳ್ಳೆ ಎಂಬುದನ್ನೂ ನೆನಪಿಡಬೇಕು. ಸೂಪರ್ ಗ್ಲೂ ಹಾಕಿ ಆತುರಪಟ್ಟರೆ ಅದರ ಆವಿ ಒಳಗಿನಿಂದ ಗಾಜಿಗೆ ಬಿಳಿ ಮಂಜು ಕಟ್ಟಿಸುತ್ತದೆ. ಚಳಿಯ ಪರಿಣಾಮ ಎಂದು ಸಮಜಾಯಿಷಿ ಕೊಡಬಹುದು, ಬಲ್ಲವರು ನಂಬುವುದಿಲ್ಲ. ಬಾಲವಂತೂ ಮುಚ್ಚಿಗೆಯಿಲ್ಲದ ಕೊಳವೆಗಳ ಜಾಲರಿ, 1/72 ಅಳತೆಯಲ್ಲಿ ನಾಲ್ಕು ಸೆಂಟಿಮೀಟರ್ ದಪ್ಪದ ಕೊಳವೆ ಅರ್ಧ ಮಿಲಿಮೀಟರಿಗೆ ಇಳಿಯಬೇಕು. ಅದನ್ನು ಸಾಧಿಸಿದವರು ರೋಟರನ್ನು ಏನು ಬೇಕಾದರೂ ಮಾಡಿಕೊಳ್ಳಲಿ.

ಇಷ್ಟು ಹೇಳಿದ ಮೇಲೂ ಒಪ್ಪದವರಿಗೆ ಕಡೆಯ ಸಾಕ್ಷಿ ಶೋಕೇಸು. ಮಾಡಿದ್ದನ್ನು ಎಲ್ಲಿಡುವುದು ಎಂಬ ಪ್ರಶ್ನೆಯನ್ನು ಈ ಹವ್ಯಾಸದವರು ಯಾವಾಗಲೂ ಬಣ್ಣ ಒಣಗಿದ ಮೇಲೆ ಕೇಳಿಕೊಳ್ಳುತ್ತಾರೆ. 1/35ರ ಹ್ಯೂಯಿಯ ರೋಟರ್ ಸುಮಾರು 42 ಸೆಂಟಿಮೀಟರ್. ಅದು ತಿರುಗುತ್ತಿದೆ ಎಂದು ತಟ್ಟೆ ಕೂರಿಸಿದರೆ 42 ಸೆಂಟಿಮೀಟರ್ ಆಳದ ಕಪಾಟು ಬೇಕು. ನಮ್ಮ ಫ್ಲ್ಯಾಟುಗಳ ಹಾಲಿನ ಶೋಕೇಸಿನ ಆಳ ಒಂದಡಿ ಇದ್ದರೆ ಹೆಚ್ಚು, ಅದರಲ್ಲೂ ಮುಂದಿನ ಸಾಲು ಪಿಂಗಾಣಿ ಕಪ್ಪುಗಳಿಗೆ ಮೊದಲೇ ರಿಸರ್ವ್ ಆಗಿರುತ್ತದೆ. ತೆರೆದ ಮೇಜಿನ ಮೇಲಿಟ್ಟರೆ ಧೂಳು ಹೊಡೆಯುವ ಬಟ್ಟೆ ಒಂದೇ ಬೀಸಿಗೆ ವಿಯೆಟ್ಕಾಂಗರಿಂದಾಗದ್ದನ್ನು ಮಾಡಿ ಮುಗಿಸುತ್ತದೆ. ಅದೇ ರೋಟರನ್ನು ನಿಲ್ಲಿಸಿ, ಒಂದು ರೆಕ್ಕೆ ಮೂತಿಯ ಕಡೆಗೆ, ಇನ್ನೊಂದು ಬಾಲದ ಕಡೆಗೆ ಬರುವಂತೆ ತಿರುಗಿಸಿ, ಪಟ್ಟಿ ಬಿಗಿದು ಕಟ್ಟಿ, ಆಗ ಇಡೀ ಹೆಲಿಕಾಪ್ಟರ್ ಅರ್ಧ ಮೀಟರ್ ಉದ್ದ, ಒಂದು ಗೇಣೂ ಇಲ್ಲದ ಅಗಲ. ಸುತ್ತ ನೆಲ, ಎರಡು ಡ್ರಮ್ಮು, ಮೆಕ್ಯಾನಿಕ್ಕು ಎಲ್ಲ ಸೇರಿದರೂ ಗಾಜಿನ ಬಾಗಿಲು ಮುಚ್ಚುತ್ತದೆ. ಐದು ರೆಕ್ಕೆಯ ಎಂಐ-17ಕ್ಕೆ ಈ ಉಪಾಯ ಸಾಗದು. 21 ಮೀಟರಿಗೂ ಮಿಕ್ಕ ಅದರ ರೋಟರ್ 1/35ರಲ್ಲಿ ಅರವತ್ತು ಸೆಂಟಿಮೀಟರ್ ದಾಟುತ್ತದೆ, ಹೇಗೆ ತಿರುಗಿಸಿದರೂ ಒಂದಲ್ಲ ಒಂದು ರೆಕ್ಕೆ ಗಾಜಿನಿಂದಾಚೆ ಚಾಚಿಕೊಳ್ಳುತ್ತದೆ. ಅದೇ ಬೇಕೆಂದು ಹಟ ಹಿಡಿದವರು ಕಿಟ್ಟಿಗೆ ಆರ್ಡರ್ ಕೊಡುವ ಮೊದಲು ಮನೆಯ ಮಾಲೀಕರ ಹತ್ತಿರ ಇನ್ನೊಂದು ಕೋಣೆಯ ಮಾತಾಡಿಕೊಳ್ಳುವುದು ಒಳ್ಳೆಯದು.